ನೂರ ಅರವತ್ತೆರಡು ಮೆಟ್ಟಿಲು

ವಾಲ್ಪರೈಸೊದಲ್ಲಿ ಸಮನೆಲವೆಂಬುದು ಕಡಿಮೆ.
ಕಡಲು ಮುಗಿದಲ್ಲೇ ಗುಡ್ಡ ಎದ್ದು ನಿಂತಿದೆ,
ಗುಡ್ಡದ ಬೆನ್ನಿಗೆ ಜೋತುಬಿದ್ದಿವೆ ತಗಡಿನ ಮನೆಗಳು,
ಹಳದಿ, ನೀಲಿ, ಉಪ್ಪುಗಾಳಿ ತಿಂದ ಕೆಂಪು.

ನಾನು ಗ್ಯಾಸು ಹೊರುವವನು.
ಸಿಲಿಂಡರಿಗೆ ಕಬ್ಬಿಣದ ತುಂಡಿನಿಂದ ಟಣ್ ಟಣ್ ಬಡಿದು
ಬಂದೆನೆಂದು ಬೀದಿಗೆಲ್ಲ ಸಾರುವವನು.
ಯಾವ ಓಣಿಗೆ ಎಷ್ಟು ಮೆಟ್ಟಿಲು,
ನನ್ನ ಮೊಣಕಾಲನ್ನು ಕೇಳಿ.

ಎರ್ಮೆಲಿಂದಾ ಮನೆಗೆ ನೂರ ಅರವತ್ತೆರಡು.

ಒಂದು ಕಾಲಕ್ಕೆ ಎರಡೂ ಕೈಯಲ್ಲಿ ಮೀನಿನ ಚೀಲ ತೂಗಿಸಿಕೊಂಡು
ನನ್ನನ್ನು ಹಿಂದೆ ಹಾಕಿ ಹತ್ತುತ್ತಿದ್ದಳು.
"ಏನೋ ಎಲಿಯೆಸೆರ್, ಮುದುಕನಾದೆಯಾ?"
ತಿರುಗಿಯೂ ನೋಡದ ನಗು.

ಮೇ ತಿಂಗಳ ಒಂದು ಸಂಜೆ
ಮೂವತ್ತನೆಯ ಮೆಟ್ಟಿಲಲ್ಲಿ ಕೂತಿದ್ದಳು, ಒದ್ದೆ ಕಲ್ಲಿನ ಮೇಲೆ.
ತಲೆಗೆ ಉಣ್ಣೆಯ ಟೋಪಿ, ಮಣಿಕಟ್ಟಿಗೆ ಆಸ್ಪತ್ರೆಯ ಪಟ್ಟಿ.
"ಹೊಟ್ಟೆಯಲ್ಲಿ ಗಂಟು" ಎಂದಳು,
ಮೀನಿನ ರೇಟು ಹೇಳುವ ಹಾಗೆ.
ಸಿಲಿಂಡರು ಇಳಿಸಿದೆ. ನಾಲಗೆ ತಡವರಿಸಿ
ಎಲ್ಲ ಸರಿಹೋಗುತ್ತೆ ಎಂದುಬಿಟ್ಟೆ.
ಅವಳು ನೋಡಿದಳು ನನ್ನನ್ನು,
ಖಾಲಿ ಸಿಲಿಂಡರು ತಂದುಕೊಟ್ಟವನನ್ನು ನೋಡುವಂತೆ.

ಮರುವಾರ ಅದೇ ಮೆಟ್ಟಿಲಲ್ಲಿ ಒಂದು ಕುರ್ಚಿ.
ಅಡುಗೆಮನೆಯದು, ಕುಂಟುಕಾಲಿಗೆ ರಟ್ಟು ಮಡಚಿಟ್ಟದ್ದು.
ಇಟ್ಟವರು ಯಾರೆಂದು ಯಾರೂ ಬಾಯಿಬಿಡಲಿಲ್ಲ.
ಹಡಗುಕಟ್ಟೆಯ ನೊಲ್ಬೆರ್ತೊ ಮಾತ್ರ
ಅಂದಿನಿಂದ ನಿಂತೇ ಉಣ್ಣುತ್ತಾನೆ,
ಬೆನ್ನಿಗೆ ಒಳ್ಳೆಯದಂತೆ.

ಆಮೇಲೆ ಐವತ್ತೆಂಟರಲ್ಲಿ ಶಾಲೆಯ ಕುರ್ಚಿ,
ಯಾವಳೋ ಹುಡುಗಿ ಕೆತ್ತಿದ ಯಾವನದೋ ಹೆಸರು ಸಮೇತ.
ತೊಂಬತ್ತರಲ್ಲಿ ಗುಜರಿ ಬಸ್ಸಿನ ಸೀಟು,
ಸ್ಪಂಜು ಹೊರಗಿಣುಕಿದ್ದು.

ಎಲ್ಲವೂ ಹಿಡಿಸಿತೆಂದಲ್ಲ.
ಎದುರುಮನೆಯವರು ದಿನಾ ತಂದ ಕೋಳಿಸಾರಿನ ವಾಸನೆಗೇ
ಅವಳಿಗೆ ಓಕರಿಕೆ.
ಆ ಚಳಿಗಾಲ ನಮ್ಮ ಓಣಿಯ ನಾಯಿಗಳು ದುಂಡಗಾದವು.
ಜೀವದ ಗೆಳತಿಯೊಬ್ಬಳು ದೂರದಿಂದ ಕಂಡರೆ ಸಾಕು,
ಇನ್ನೊಂದು ಬೀದಿಗೆ ಹೊರಳುತ್ತಿದ್ದಳು.
"ಹೋಗಲಿ ಬಿಡು, ಹೆದರಿದ್ದಾಳೆ" ಎಂದಳು ಎರ್ಮೆಲಿಂದಾ.
ಆ ರಾತ್ರಿ ಅತ್ತಳೆಂದು ಗೋಡೆಯಾಚೆಯವರು ಹೇಳಿದರು.

ನೂರ ಇಪ್ಪತ್ತರಲ್ಲಿ ಬಹಳ ದಿನ ಏನೂ ಇರಲಿಲ್ಲ.
ಅದು ಫಿಲೊಮೆನಾಳ ಬಾಗಿಲು.
ಬಟ್ಟೆ ಒಣಗಿಸುವ ಹಗ್ಗದ ಮೇಲೆ ಶುರುವಾಗಿ
ಇಬ್ಬರಿಗೂ ಹನ್ನೊಂದು ವರ್ಷ ಮಾತಿಲ್ಲ.

ಆಗಸ್ಟಿನ ಮಳೆ. ಔಷಧ ಏರಿಸಿಕೊಂಡು ಬಂದವಳು
ಅಲ್ಲಿ ಕಂಬಿ ಹಿಡಿದು ನಿಂತುಬಿಟ್ಟಳು, ಮುಖ ಸುಣ್ಣ.
ಬಾಗಿಲು ತೆರೆಯಿತು. ಕೈಯಿರುವ ಕುರ್ಚಿಯೊಂದನ್ನು
ಒಳಗಿನ ಕಾಲೊಂದು ಹೊರಗೆ ನೂಕಿತು.
ಕೂರು ಎನ್ನಲಿಲ್ಲ.
ಬಾಗಿಲು ಮುಚ್ಚಿತು.

ಮರುವಾರ ಅದಕ್ಕೊಂದು ದಿಂಬು.
ಅದರ ಮರುವಾರ ಎದುರಿಗೆ ಇನ್ನೊಂದು ಕುರ್ಚಿ,
ಅದರಲ್ಲಿ ಫಿಲೊಮೆನಾ,
ಮತ್ತೆ ಆ ಹಗ್ಗದ ಜಗಳ, ಬಿಟ್ಟ ಗಂಟಿನಿಂದಲೇ!
ಕೆಳಗಿನ ಮೆಟ್ಟಿಲಿನವರೆಗೆ ಕೇಳುತ್ತಿತ್ತು.
ತಿಂಗಳುಗಟ್ಟಲೆ ಎಲ್ಲರೂ ಅವಳೊಡನೆ
ಪಿಸುದನಿಯಲ್ಲೇ ಮಾತಾಡಿದ್ದೆವು.
ಅಂದು ಎರ್ಮೆಲಿಂದಾ ಬೈದ ದನಿ
ಮೀನುಮಾರುಕಟ್ಟೆಯ ಹಳೆಯ ದನಿ.

ಒಮ್ಮೆ ಕೇಳಿದೆ, ಇದರಿಂದೆಲ್ಲ ಏನಾದರೂ...
ಮಾತು ಮುಗಿಸಲು ಬಿಡಲಿಲ್ಲ:
"ಗಂಟು ಗಂಟೇ. ಅದಕ್ಕೆ ಕುರ್ಚಿ ತಿಳಿಯೋದಿಲ್ಲ.
ನನಗೆ ತಿಳಿಯುತ್ತೆ."

ಕೊಡಲು ನನ್ನಲ್ಲಿ ಕುರ್ಚಿಯಿರಲಿಲ್ಲ, ಬಾಡಿಗೆ ಕೋಣೆ.
ಅವಳು ಬಸ್ಸಿಳಿದದ್ದು ಕಂಡರೆ
ಸಿಲಿಂಡರಿಗೆ ಒಂದೇ ಪೆಟ್ಟು ಕೊಡುತ್ತೇನೆ, ಮೆಲ್ಲಗೆ.
ಮೇಲಿನವರೆಗೂ ಕಿಟಕಿಗಳು ತೆರೆಯುತ್ತವೆ.
ಯಾರೂ ಇಳಿದು ಬಂದು ಕೈಹಿಡಿಯಕೂಡದು,
ಅದು ಅವಳದೇ ಕಟ್ಟಪ್ಪಣೆ.
ಬಿರುಕುಬಿಟ್ಟ ಕಲ್ಲಿಗೊಂದು, ಬೆಕ್ಕಿಗೊಂದು ಮಾತಾಡುತ್ತ
ಹತ್ತುತ್ತಾಳೆ, ಕೂರುತ್ತಾಳೆ, ಹತ್ತುತ್ತಾಳೆ.

ಡಾಕ್ಟರು ಏನೆಂದರೋ ಅವಳು ಹೇಳಿಲ್ಲ,
ನಾನೂ ಕೇಳಿಲ್ಲ.
ನವೆಂಬರಿನಲ್ಲಿ ಒಂದು ದಿನ ಶಾಲೆಯ ಕುರ್ಚಿಯನ್ನು
ಕೂರದೆ ದಾಟಿಹೋದಳು. ಓಣಿಯೇ ಉಸಿರು ಬಿಗಿಹಿಡಿಯಿತು.
ಮುಂದಿನ ವಾರ ಅದರಲ್ಲೇ
ಬಹಳ ಹೊತ್ತು ಕೂತಳು,
ಕೆತ್ತಿದ ಹೆಸರಿನ ಮೇಲೆ ಬೆರಳಾಡಿಸುತ್ತ.